ನಗೆಯೆಂಬ ಹೆಸರಿನ ನೋವು



ಜಾತ್ರೆಯ ದಿನ ಸಾವಿನ ಮಾತೇಕೆ ಎಂದು ನೀವು ಕೇಳಬಹುದು. ತಂದೆತಾಯಿಗಳು, ಉಪಾಧ್ಯಾಯರು, ಮಕ್ಕಳು ಎಲ್ಲರೂ ಒಂದೇ ಚಪ್ಪರದಡಿ ಕೂಡುವುದು ವರ್ಷಕ್ಕೆ ಇದೊಂದೇ ದಿನ. ಬೇರೆ ಬೇರೆಯಾಗಿ ಹೇಳಿದರೆ ಒಬ್ಬರು ಇನ್ನೊಬ್ಬರ ಮೇಲೆ ಹಾಕಿ ಸುಮ್ಮನಾಗುವರು. ಅದಕ್ಕಾಗಿಯೇ ಈ ದಿನವನ್ನು ಆರಿಸಿಕೊಂಡಿದ್ದೇವೆ.

2022ನೆಯ ಇಸವಿಯಲ್ಲಿ ನಮ್ಮ ದೇಶದಲ್ಲಿ ತಮ್ಮ ಪ್ರಾಣವನ್ನು ತಾವೇ ನೀಗಿಕೊಂಡವರು 1,70,924 ಜನರೆಂದು ಸರಕಾರದ ದಾಖಲೆ ಹೇಳುತ್ತದೆ. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಎಂದರೆ ದಿನವೊಂದಕ್ಕೆ 35ಕ್ಕೂ ಹೆಚ್ಚು. ನಮ್ಮ ಊಟದ ಮನೆಯಲ್ಲಿ ಒಂದು ಪಂಕ್ತಿಗೆ ಕೂಡುವಷ್ಟು ಮಕ್ಕಳು. ಇವರೆಲ್ಲ ಗೆಳೆಯರ ಕಾಟದಿಂದಲೇ ಹೋದರೆಂದು ನಾವು ಹೇಳುವುದಿಲ್ಲ. ಪರೀಕ್ಷೆ, ಕಾಯಿಲೆ, ಮನೆಯ ಜಗಳ, ಒಳಗೊಳಗೇ ಬೆಳೆದ ಖಿನ್ನತೆ, ಹೀಗೆ ಹಲವು ಎಳೆಗಳು ಕೂಡಿ ಆ ಹಗ್ಗವಾಗುತ್ತದೆ. ಒಂದು ಸಾವಿಗೆ ಒಂದೇ ಕಾರಣ ಹುಡುಕುವುದು ದುಡುಕು. ಆದರೆ ಆ ಎಳೆಗಳಲ್ಲಿ ಒಂದನ್ನು ಹೊಸೆಯುವವರು ನಮ್ಮ ನಡುವೆಯೇ ಇರುತ್ತಾರೆ, ನಮ್ಮ ಕಣ್ಣೆದುರಿಗೇ ಹೊಸೆಯುತ್ತಾರೆ.

ಅದಕ್ಕೆ ನಾವು ಇಟ್ಟಿರುವ ಹೆಸರುಗಳನ್ನು ನೋಡಿರಿ: ತಮಾಷೆ, ಚೇಷ್ಟೆ, ಕೀಟಲೆ, ಹುಡುಗಾಟ. ಉಗ್ಗುವವನನ್ನು ಅಣಕಿಸಿದರೆ ತಮಾಷೆ. ಕಪ್ಪಗಿರುವವಳಿಗೆ ಅಡ್ಡಹೆಸರು ಕಟ್ಟಿದರೆ ಚೇಷ್ಟೆ. ಬಡವನ ಹರಿದ ಅಂಗಿಯನ್ನು ತರಗತಿಗೆಲ್ಲ ತೋರಿಸಿದರೆ ಹುಡುಗಾಟ. ಜಾತಿಯ ಹೆಸರು ಹಿಡಿದು ಕರೆಯುವುದಕ್ಕೂ ತಮಾಷೆಯೆಂದೇ ಹೆಸರು! ಇಬ್ಬರೂ ನಕ್ಕರೆ ಅದು ತಮಾಷೆ. ಒಬ್ಬನು ಅಳುತ್ತ ಹತ್ತು ಜನ ನಕ್ಕರೆ ಅದು ಪೀಡನೆ. ಈಗಂತೂ ಮೊಬೈಲಿನ ಮೂಲಕ ಅದು ಹಾಸಿಗೆಯವರೆಗೂ ಬರುತ್ತದೆ. ಶಾಲೆಯ ಗಂಟೆ ಬಾರಿಸಿದರೂ ಬಿಡುಗಡೆಯಿಲ್ಲ.

ಸರ್ವೋಚ್ಚ ನ್ಯಾಯಾಲಯ 2001ರಲ್ಲಿಯೇ ರ‍್ಯಾಗಿಂಗ್ ತಡೆಯಲು ಆದೇಶಿಸಿತು. 2009ರಲ್ಲಿ ಕಾಲೇಜುಗಳಿಗೆ ಕಟ್ಟುನಿಟ್ಟಾದ ನಿಯಮಗಳು ಬಂದವು. ಒಳ್ಳೆಯದೇ. ಆದರೆ ರಾತ್ರಿ ದೀಪ ಆರಿದ ಮೇಲೆ ಕೋಣೆಯೊಳಗೆ ನಡೆಯುವುದನ್ನು ಬಲ್ಲವನು ಪಕ್ಕದ ಚಾಪೆಯ ಹುಡುಗ. ಮಕ್ಕಳೆ, ನಾವು ಈ ಮಾತನ್ನು ಹೊಡೆಯುವವನಿಗಿಂತ ಹೆಚ್ಚಾಗಿ ನಿಮಗೆ, ಸುತ್ತ ನಿಂತು ನೋಡುವವರಿಗೆ ಹೇಳುತ್ತಿದ್ದೇವೆ. ಹೊಡೆಯುವವನಿಗೆ ಬೇಕಾದದ್ದು ನಿಮ್ಮ ನಗೆ. ಅದನ್ನು ಕೊಡಬೇಡಿರಿ. ನೊಂದವನ ಪಕ್ಕಕ್ಕೆ ಹೋಗಿ ಊಟಕ್ಕೆ ಕುಳಿತುಕೊಳ್ಳಿರಿ. ಬಂದು ಹೇಳುವುದು ಚಾಡಿಯಲ್ಲ. ಕಾಟ ಕೊಡುವವನೂ ಮಗುವೇ. ಅವನ ಮನೆಯಲ್ಲಿ ಅವನಿಗೆ ಯಾರು ಹೊಡೆಯುತ್ತಾರೆಂದು ವಿಚಾರಿಸದೆ ಶಾಲೆ ಬಿಡಿಸಿದರೆ, ಅವನು ಇನ್ನೊಂದು ಶಾಲೆಯಲ್ಲಿ ಇನ್ನೊಬ್ಬನನ್ನು ಹುಡುಕಿಕೊಳ್ಳುತ್ತಾನೆ.

ತಾಯಂದಿರೆ, ಸೋಮವಾರ ಬೆಳಗಾದೊಡನೆ ಹೊಟ್ಟೆನೋವೆನ್ನುವ ಮಗುವನ್ನು ಸೋಮಾರಿಯೆಂದು ಗದರಿಸುವ ಮೊದಲು ಒಂದು ಗಳಿಗೆ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಊಟ ಬಿಟ್ಟರೆ, ನಿದ್ದೆ ಕೆಟ್ಟರೆ, ಮೆಚ್ಚಿನ ವಸ್ತುಗಳನ್ನು ಅವರಿವರಿಗೆ ಹಂಚಿದರೆ, 'ನಾನಿಲ್ಲದಿದ್ದರೇ ಒಳ್ಳೆಯದು' ಎಂದರೆ, ನೇರವಾಗಿ ಕೇಳಿರಿ: 'ಸಾಯಬೇಕೆಂಬ ಯೋಚನೆ ಬರುತ್ತಿದೆಯೇ?' ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ಹಲವರು ಹೆದರುತ್ತಾರೆ. ಹಾಗಾಗುವುದಿಲ್ಲವೆಂದು ಮನೋವೈದ್ಯರು ಹೇಳುತ್ತಾರೆ. ಎದೆಯಲ್ಲಿ ಕಟ್ಟಿಕೊಂಡದ್ದು ಹೊರಬರಲು ಒಂದು ಬಾಗಿಲು ಸಿಗುತ್ತದೆ. ಅನಂತರ ಬುದ್ಧಿವಾದ ಬೇಡ. ಮಗುವನ್ನು ಒಂಟಿಯಾಗಿ ಬಿಡಬೇಡಿರಿ, ವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ.

ರೈತಬಾಂಧವರಿಗೆ ಇನ್ನೊಂದು ಮಾತು. ಶ್ರೀಲಂಕೆಯಲ್ಲಿ 1995ರ ಸುಮಾರಿಗೆ ಆತ್ಮಹತ್ಯೆಗಳು ಅತಿಯಾಗಿದ್ದವು. ಕಡುವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂದ ಮೇಲೆ, ಸುಮಾರು 20 ವರ್ಷಗಳಲ್ಲಿ ಅವುಗಳ ಪ್ರಮಾಣ ಶೇಕಡ 70ರಷ್ಟು ಇಳಿಯಿತು. ಅಲ್ಲಿನವರ ದುಃಖವೇನೂ ಮಾಯವಾಗಿರಲಿಲ್ಲ. ಆ ಕೆಟ್ಟ ಗಳಿಗೆ ಬಂದಾಗ ಕೈಗೆ ಸಿಗುವಂತಹದು ಕಡಮೆಯಾಗಿತ್ತು. ಗಳಿಗೆ ಕಳೆದರೆ ಬಹುಮಂದಿ ಉಳಿಯುತ್ತಾರೆ. ಆದುದರಿಂದ ಔಷಧಿಯ ಡಬ್ಬಿಯನ್ನು ಅಡಿಗೆಮನೆಯ ಗೂಡಿನಲ್ಲಿಡದೆ ಬೀಗದೊಳಗಿಡಿರಿ, ಬೀಗದ ಕೈ ನಿಮ್ಮ ಉಡಿದಾರದಲ್ಲಿರಲಿ.

ಉಳಿದುಬಂದವನನ್ನು ಪೊಲೀಸರು ಹಿಡಿಯುತ್ತಾರೆಂದು ಆಸ್ಪತ್ರೆಗೆ ಒಯ್ಯಲು ಅಂಜುವವರು ಇಂದಿಗೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಅಂಥವನನ್ನು ತೀವ್ರ ಒತ್ತಡದಿಂದ ನೊಂದವನೆಂದೇ ತಿಳಿದು, ಅವನ ಆರೈಕೆಯನ್ನು ಸರಕಾರದ ಹೊಣೆಯಾಗಿಸಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ದಂಡಸಂಹಿತೆಯಲ್ಲಿ, ಬದುಕು ಬೇಡವೆಂದು ಪ್ರಯತ್ನಿಸಿದವನನ್ನು ಶಿಕ್ಷಿಸುತ್ತಿದ್ದ ಆ ಹಳೆಯ ಕಲಮು ಇಲ್ಲ. ಕಾನೂನೇ ಕ್ಷಮಿಸಿರುವಾಗ ಊರ ಕಟ್ಟೆಯ ಮೇಲೆ ಕುಳಿತವರು ಏಕೆ ವಿಚಾರಣೆ ನಡೆಸಬೇಕು? ಮಗುವನ್ನು ಕಳೆದುಕೊಂಡ ಮನೆಗೆ ಹೋಗಿರಿ. ಹೇಗಾಯಿತು, ಏಕಾಯಿತು ಎಂದು ಕೆದಕದೆ ಬುತ್ತಿ ಒಯ್ದು ಕುಳಿತು ಬನ್ನಿರಿ.

14416 ಎಂಬ ಟೆಲಿಮಾನಸ್ ದೂರವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತನಾಡಬಹುದು, ಖರ್ಚಿಲ್ಲ. ಈ ಅಂಕೆಯನ್ನು ದಾಸೋಹದ ಮನೆಯ ಕೈತೊಳೆಯುವ ಕಟ್ಟೆಯ ಮೇಲೂ ಪ್ರಸಾದನಿಲಯದ ಪ್ರತಿ ಕೋಣೆಯ ಬಾಗಿಲ ಮೇಲೂ ಬಣ್ಣದಲ್ಲಿ ಬರೆಸಲು ಹೇಳಿದ್ದೇವೆ. ಪ್ರತಿ ಸೋಮವಾರ ಸಂಜೆ ಯಾವ ಮಗುವಾದರೂ ಒಬ್ಬನೇ ಬಂದು ನಮ್ಮೊಡನೆ ಮಾತನಾಡಬಹುದು. ಬಾಗಿಲಲ್ಲಿ ಯಾರೂ ಹೆಸರು ಕೇಳುವುದಿಲ್ಲ.

ಈಗ ಮಕ್ಕಳು ಮೊದಲು ಪ್ರಸಾದಕ್ಕೆ ಏಳಲಿ. ಹಿರಿಯರು ಸ್ವಲ್ಪ ತಡೆಯಿರಿ.