ಹೆಬ್ಬೆರಳಿಗೆ ನೂರಕ್ಕೆ ಮೂವತ್ತು

ತೊಗರಿ, ಕಡಲೆ, ಜೋಳದ ರಾಶಿಯ ದಿನಗಳಲ್ಲಿ ರಾಯಚೂರು ಜಿಲ್ಲೆಯ ಹಿರೇಕೊಟ್ನೆಕಲ್‌ನಂಥ ಊರುಗಳ ಹೊಲಗಳಿಗೆ ಟ್ರ್ಯಾಕ್ಟರಿನ ಹಿಂದೆ ರಾಶಿ ಮಷಿನ್ ಬರುತ್ತದೆ. ಟ್ರ್ಯಾಕ್ಟರಿನ ಶಾಫ್ಟಿಗೆ ಜೋಡಿಸಿದ ಕೂಡಲೇ ಒಳಗಿನ ಡ್ರಮ್ಮು ಭರ್ರನೆ ತಿರುಗತೊಡಗುತ್ತದೆ. ಇಬ್ಬರು ಆಳು ಕೆಳಗಿನಿಂದ ಎತ್ತಿ ಕೊಡುತ್ತಾರೆ, ಒಬ್ಬ ಮಷಿನ್ನಿನ ಬಾಯಿಗೆ ಕೊಡುತ್ತಾನೆ. ಒಣ ಬೆಳೆ ತಾನಾಗಿಯೇ ಒಳಗೆ ಹೋಗುತ್ತದೆ. ಹಸಿ ತೊಗರಿಕಟ್ಟಿಗೆ ಬಂದಾಗ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಆ ಆಳು ಅದನ್ನು ಕೈಯಿಂದಲೇ ದೂಡುತ್ತಾನೆ. ಮಷಿನ್ ನಿಲ್ಲಿಸಿ ತೆಗೆಯೋಣವೆಂದರೆ ಗಂಟೆ ಲೆಕ್ಕದ ಬಾಡಿಗೆ ಓಡುತ್ತಿರುತ್ತದೆ. ಮುಂದಿನ ಹೊಲದವರು ಬಂದು ನಿಂತಿರುತ್ತಾರೆ. ಹೊತ್ತು ಮುಳುಗುವ ಸಮಯ, ಬೆಳಗಿನಿಂದ ದುಡಿದು ಸೋತ ಮೈ. ಅಂಗಿಯ ತೋಳೋ, ಕೈಬಳೆಯೋ, ತಲೆಗೆ ಸುತ್ತಿದ ಟವೆಲ್ಲಿನ ಚುಂಗೋ ಕಟ್ಟಿಗೆಯ ಜೊತೆ ಸಿಕ್ಕಿದರೆ ಕೈ ಹಿಂದಕ್ಕೆ ಎಳೆದುಕೊಳ್ಳಲು ವೇಳೆ ಸಾಲದು.

ಈ ಅಪಾಯ ಯಾರಿಗೂ ಹೊಸದಲ್ಲ. ಭಾರತೀಯ ಮಾನಕ ಸಂಸ್ಥೆಯ ಐಎಸ್ 9020 ಎಂಬ ಮಾನದಂಡ ಇರುವುದೇ ಒಕ್ಕುವ ಯಂತ್ರಗಳ ಸುರಕ್ಷತೆಗಾಗಿ. ಬೆಳೆ ಕೊಡುವ ತಗಡಿನ ಬಾಯಿ ಕನಿಷ್ಠ 90 ಸೆಂಟಿಮೀಟರ್ ಉದ್ದ ಇರಬೇಕು, ಅದರಲ್ಲಿ 45 ಸೆಂಟಿಮೀಟರ್ ಭಾಗ ಮೇಲೆ ಮುಚ್ಚಿರಬೇಕು ಎನ್ನುತ್ತದೆ ಅದು. ಅಷ್ಟು ಉದ್ದವಿದ್ದರೆ ಸಾಮಾನ್ಯ ಆಳಿನ ಕೈ ಚಾಚಿದರೂ ಡ್ರಮ್ಮಿಗೆ ತಲುಪುವುದಿಲ್ಲ. ಮಷಿನ್ ಬಾಡಿಗೆಗೆ ತರುವವರು ಒಂದು ಅಳತೆಪಟ್ಟಿ ಹಿಡಿದು ಇಷ್ಟನ್ನು ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಉತ್ತರ ಭಾರತದ ಗೋಧಿ ರಾಶಿಗಳಲ್ಲಿ ಕೈ ಕಳೆದುಕೊಂಡವರ ಸಂಖ್ಯೆ ಏರಿದಾಗ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನೇ ತಂದಿತು. ಯಂತ್ರದ ತಯಾರಿಕೆ, ಮಾರಾಟ, ಬಳಕೆ ಮೂರನ್ನೂ ಹಿಡಿತಕ್ಕೆ ತರುವುದು, ಸತ್ತ ಅಥವಾ ಗಾಯಗೊಂಡ ಕೂಲಿಕಾರರಿಗೆ ಪರಿಹಾರ ಕೊಡಿಸುವುದು ಅದರ ಉದ್ದೇಶ.

ರಾಯಚೂರು ಜಿಲ್ಲೆಯಲ್ಲಿ ಕೈಗೆ ಕುತ್ತು ತರುವುದು ರಾಶಿ ಮಷಿನ್ ಒಂದೇ ಅಲ್ಲ. ತುಂಗಭದ್ರಾ ಎಡದಂಡೆ ನಾಲೆಯ ನೀರು ಸಿಂಧನೂರು, ಮಾನ್ವಿ ಭಾಗಕ್ಕೆ ಭತ್ತ ತಂದಿತು, ಭತ್ತದ ಬೆನ್ನಿಗೇ ರೈಸ್ ಮಿಲ್ಲುಗಳು ಬಂದವು. ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ನಾಲೆ ಬಂತು. ರಾಯಚೂರು ನಗರ ಹತ್ತಿಯ ದೊಡ್ಡ ಪೇಟೆ, ಅಲ್ಲಿ ಜಿನ್ನಿಂಗ್ ಫ್ಯಾಕ್ಟರಿಗಳಿವೆ. ಮಿಲ್ಲಿನ ಬೆಲ್ಟು-ಪುಲ್ಲಿ, ಜಿನ್ನಿನ ರೋಲರು, ಹಿಟ್ಟಿನ ಗಿರಣಿ, ಮೇವು ಕತ್ತರಿಸುವ ಮಷಿನ್, ಬಸ್‌ಸ್ಟ್ಯಾಂಡಿನ ಕಬ್ಬಿನ ಹಾಲಿನ ಯಂತ್ರ, ಇವೆಲ್ಲ ಮೊದಲು ಹಿಡಿಯುವುದು ಬೆರಳನ್ನೇ. ಹತ್ತಿ ಹಿಂಜುವ ಯಂತ್ರ ನಡೆಯುತ್ತಿರುವ ಕೋಣೆಯಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಕೆಲಸಕ್ಕೆ ಇಡಬಾರದೆಂದು 1948ರ ಕಾರ್ಖಾನೆ ಕಾಯ್ದೆ 27ನೇ ಕಲಮಿನಲ್ಲಿ ಬೇರೆಯಾಗಿಯೇ ಹೇಳಿತ್ತು. ಹತ್ತಿಯ ಯಂತ್ರ ಅಷ್ಟು ಕೇಡಿನದೆಂಬುದು ಕಾನೂನು ಬರೆದವರಿಗೆ ಗೊತ್ತಿತ್ತು.

ಬೆರಳು ಹೋದ ಮೇಲೆ ಏನಾಗುತ್ತದೆ ಎಂಬುದೇ ಈ ಉಪನ್ಯಾಸದ ವಿಷಯ. ಕೈಗೆ ಬಟ್ಟೆ ಸುತ್ತಿ, ಸಿಕ್ಕ ಗಾಡಿಯಲ್ಲಿ ಮಾನ್ವಿಗೋ ರಾಯಚೂರಿಗೋ ಒಯ್ಯುತ್ತಾರೆ. ದಾರಿಯಲ್ಲೇ ಒಂದು ಮಾತು ನಡೆದುಹೋಗಿರುತ್ತದೆ.

“ಕೇಸು-ಗೀಸು ಅಂತ ಹೋಗಬ್ಯಾಡಪ್ಪ. ದವಾಖಾನಿ ಖರ್ಚು ನಾವು ನೋಡ್ಕೊಂತೀವಿ. ಕೇಳಿದ್ರ ಕೊಡ್ಲಿ ತಾಗ್ತು ಅನ್ನು.”

“ಆತ್ರಿ ಸಾವ್ಕಾರ್ರ.”

ನೋವಿನಲ್ಲಿರುವವನಿಗೆ ಬೇರೆ ಮಾತು ಹೊಳೆಯುವುದಿಲ್ಲ. ನಾಳೆ ಅದೇ ಹೊಲಕ್ಕೆ, ಅದೇ ಮಿಲ್ಲಿಗೆ ಕೂಲಿಗೆ ಹೋಗಬೇಕು. ಆಸ್ಪತ್ರೆಯಲ್ಲಿ ಹೇಗಾಯಿತೆಂದು ಕೇಳಿದಾಗ ‘ಕಟ್ಟಿಗೆ ಒಡೆಯುವಾಗ ಕೊಡಲಿ ತಾಗಿತು’ ಎಂದು ಹೇಳುತ್ತಾನೆ, ಹೇಳಿದ್ದನ್ನೇ ಅಲ್ಲಿ ಬರೆದುಕೊಳ್ಳುತ್ತಾರೆ. ಮುಂದೆ ಪರಿಹಾರದ ಅರ್ಜಿ ವಿಚಾರಣೆಗೆ ಬಂದಾಗ ಎದುರು ಪಕ್ಷದ ವಕೀಲರು ಮೊದಲು ತೆರೆಯುವುದು ಆ ಒಂದು ಹಾಳೆಯನ್ನೇ. ಹೆಬ್ಬೆರಳಿನ ಬೆಲೆ ಎಷ್ಟೋ ಸಲ ಆ ಮೊದಲ ಅರ್ಧ ಗಂಟೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಆಸ್ಪತ್ರೆಯ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣದ) ದಾಖಲೆಯಲ್ಲಿ ಯಂತ್ರದ ಹೆಸರು, ಜಾಗ, ಯಾರ ಕೆಲಸದಲ್ಲಿದ್ದಾಗ ಆಯಿತು ಎಂಬ ಮೂರು ಸಂಗತಿ ಸರಿಯಾಗಿ ಬಿದ್ದರೆ ಮುಂದಿನದೆಲ್ಲ ಹಗುರ.

ಕಾನೂನು ಹಾಕಿಟ್ಟ ಬೆಲೆ ಊರಿನ ಪಂಚಾಯಿತಿ ಹಾಕುವುದಕ್ಕಿಂತ ಎಷ್ಟೋ ಹೆಚ್ಚು. ನೂರು ವರ್ಷ ದಾಟಿದ ಕಾರ್ಮಿಕರ ಪರಿಹಾರ ಕಾಯ್ದೆ ಇದು. 1923ರಲ್ಲಿ ಮಂಜೂರಾಗಿ 1924ರ ಜುಲೈ 1ರಿಂದ ಜಾರಿಗೆ ಬಂತು. ಆಗಿನ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಗಳಿಕೆ ಸಾಮರ್ಥ್ಯದ ನಷ್ಟ ನೂರಕ್ಕೆ 25, ತೋರುಬೆರಳಿಗೆ 10, ಉಳಿದ ಯಾವ ಬೆರಳಿಗಾದರೂ 5. ಬಲತೋಳಿಗೆ ಒಂದು ಬೆಲೆ, ಎಡತೋಳಿಗೆ ಅದಕ್ಕಿಂತ ಕಡಿಮೆ. 17ನೇ ಶತಮಾನದ ಕೆರಿಬಿಯನ್ ಕಡಲುಗಳ್ಳರು ಕೂಡ ತಮ್ಮೊಳಗೆ ಹೀಗೆಯೇ ಕರಾರು ಮಾಡಿಕೊಳ್ಳುತ್ತಿದ್ದರಂತೆ. ಅವರ ಜೊತೆಯಲ್ಲಿದ್ದ ಎಕ್ಸ್‌ಕ್ವೆಮೆಲಿನ್ ಎಂಬಾತ 1678ರಲ್ಲಿ ಪ್ರಕಟಿಸಿದ ಪುಸ್ತಕದ ಪ್ರಕಾರ ಬಲತೋಳಿಗೆ 600 ಬೆಳ್ಳಿ ನಾಣ್ಯ, ಎಡತೋಳಿಗೆ 500, ಒಂದು ಬೆರಳಿಗೆ 100. ನಮ್ಮ ಪಟ್ಟಿಯನ್ನು 1962ರ ತಿದ್ದುಪಡಿ ಹೊಸದಾಗಿ ಬರೆಯಿತು, ಎಡಬಲದ ಭೇದ ಹೋಯಿತು. ಪೂರ್ತಿ ಹೆಬ್ಬೆರಳಿಗೆ 30, ಅಂಗೈಯೊಳಗಿನ ಅದರ ಮೂಳೆಯೂ ಹೋದರೆ 40, ಹೆಬ್ಬೆರಳಿನ ತುದಿಯ ಗೆಣ್ಣಿಗೆ 20. ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಉಂಗುರಬೆರಳು ಅಥವಾ ಕಿರುಬೆರಳಿಗೆ 7. ಹೆಬ್ಬೆರಳು ಉಳಿದು ಮಿಕ್ಕ ನಾಲ್ಕೂ ಹೋದರೆ 50, ಐದೂ ಹೋದರೆ 60. 2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಗಾಯಗಳ ಪಟ್ಟಿ, ವಯಸ್ಸಿನ ಗುಣಕ ಎರಡೂ ಅದರ ಅನುಸೂಚಿಗಳಲ್ಲಿ ಸೇರಿವೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಾಗುವ, ಕೆಲಸಕ್ಕೆ ಸಂಬಂಧವಿರುವ ಅಪಘಾತವನ್ನೂ ಅದು ಒಳಗೊಂಡಿದೆ.

ಲೆಕ್ಕ ಕಷ್ಟದ್ದೇನಲ್ಲ. ತಿಂಗಳ ಕೂಲಿಯ ನೂರಕ್ಕೆ 60ನ್ನು ತೆಗೆದುಕೊಂಡು ವಯಸ್ಸಿಗೆ ಗೊತ್ತುಮಾಡಿದ ಗುಣಕದಿಂದ ಗುಣಿಸಿ, ಬಂದ ಮೊತ್ತದಲ್ಲಿ ಗಾಯದ ಶೇಕಡಾವಾರನ್ನು ಹಿಡಿಯಬೇಕು. ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 2010ರಲ್ಲಿ 8,000 ಇತ್ತು, 2020ರ ಜನವರಿಯಿಂದ 15,000. ತಿಂಗಳಿಗೆ 15,000 ದುಡಿಯುವ 25 ವರ್ಷದ ರೈಸ್ ಮಿಲ್ ಕೆಲಸಗಾರನ ಹೆಬ್ಬೆರಳು ಹೋಯಿತೆನ್ನಿ. 15,000ದ ಶೇಕಡಾ 60 ಅಂದರೆ 9,000. 25 ವಯಸ್ಸಿನ ಗುಣಕ 216.91. ಗುಣಿಸಿದರೆ 19,52,190, ಅದರ ಶೇಕಡಾ 30 ಅಂದರೆ 5,85,657 ರೂಪಾಯಿ. ಇನ್ನು 45 ವರ್ಷದ ಹೆಣ್ಣಾಳು, ತಿಂಗಳ ದುಡಿಮೆ 9,000, ತೋರುಬೆರಳಿನ ಎರಡು ಗೆಣ್ಣು ಹೋಗಿವೆ. ಗುಣಕ 169.44, ಗಾಯಕ್ಕೆ ಶೇಕಡಾ 11. ಆಕೆಗೆ ಸಲ್ಲಬೇಕಾದದ್ದು 1,00,647 ರೂಪಾಯಿ. ಆಸ್ಪತ್ರೆಯ ಖರ್ಚು ಇದರಲ್ಲಿ ಸೇರಿಲ್ಲ. 2009ರ ತಿದ್ದುಪಡಿಯ ನಂತರ ಚಿಕಿತ್ಸೆಯ ನಿಜ ವೆಚ್ಚವನ್ನು ಮಾಲೀಕ ಬೇರೆಯಾಗಿಯೇ ಕೊಡಬೇಕು. ‘ದವಾಖಾನಿ ಖರ್ಚು ನಾವು ನೋಡ್ಕೊಂತೀವಿ’ ಎಂಬುದು ಉಪಕಾರವೆಂದು ತಿಳಿದು ಕೈಮುಗಿಯುವವರು ಈ ಮಾತನ್ನು ಚೆನ್ನಾಗಿ ಕೇಳಿಸಿಕೊಳ್ಳಬೇಕು.

ಮಿಲ್ಲಿನಲ್ಲಿ ಹತ್ತು ಅಥವಾ ಹೆಚ್ಚು ಮಂದಿ ಇದ್ದು ಇಎಸ್ಐ (ಕಾರ್ಮಿಕರ ರಾಜ್ಯ ವಿಮೆ) ಅನ್ವಯಿಸಿದರೆ ದಾರಿ ಬೇರೆ. ಅಲ್ಲಿ ಇಡುಗಂಟು ಸಿಗುವುದಿಲ್ಲ, ಕೂಲಿಯ ಶೇಕಡಾ 90ರ ಆಧಾರದ ಮೇಲೆ ಗಾಯದ ಪ್ರಮಾಣಕ್ಕೆ ತಕ್ಕಷ್ಟು ಹಣ ಜೀವಮಾನವಿಡೀ ಬರುತ್ತದೆ. 15,000 ಕೂಲಿಯವನ ಹೆಬ್ಬೆರಳಿಗೆ ದಿನಕ್ಕೆ ಸುಮಾರು 135 ರೂಪಾಯಿ. ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಬ್ಯಾಂಕಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನು ನಂಬಿ ಕೂತವರು ಮಾತ್ರ ಎಚ್ಚರದಿಂದಿರಬೇಕು. ಅದು ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಪೂರ್ತಿ ಹೋದರೆ 1 ಲಕ್ಷ ಕೊಡುತ್ತದೆ, ಬರೀ ಹೆಬ್ಬೆರಳಿಗೆ ಏನೂ ಇಲ್ಲ. ಹೊಲದ ಕೆಲಸದಲ್ಲಾದ ಅಪಘಾತಕ್ಕೆ ಎಪಿಎಂಸಿ ಮೂಲಕ ರೈತ ಸಂಜೀವಿನಿ ಯೋಜನೆಯಿದೆ, ಅದು ಕೂಲಿಕಾರರಿಗೂ ಸಲ್ಲುತ್ತದೆ.

ಹೆಬ್ಬೆರಳಿಗೆ 30 ಸಾಕೇ? ಭತ್ತದ ಸಸಿಯನ್ನು ಕೆಸರಿಗೆ ಒತ್ತುವುದು ಹೆಬ್ಬೆರಳು. ಬಿರಿದ ಹತ್ತಿಕಾಯಿಯಿಂದ ಅರಳೆಯನ್ನು ಹಿಡಿದು ಎಳೆಯುವುದು ಹೆಬ್ಬೆರಳು ಮತ್ತು ಅದರ ಎದುರಿನ ಎರಡು ಬೆರಳು. ಕುಡುಗೋಲಿನ ಹಿಡಿ, ಹಮಾಲನ ಕೈಯ ಕೊಕ್ಕೆ, ಚೀಲ ಹೊಲಿಯುವ ಡಬ್ಬಣ, ಯಾವುದೂ ಅದಿಲ್ಲದೆ ನಿಲ್ಲುವುದಿಲ್ಲ. ಕೈಯ ಒಟ್ಟು ಕೆಲಸದಲ್ಲಿ ನೂರಕ್ಕೆ ನಲವತ್ತು ಪಾಲು ಹೆಬ್ಬೆರಳಿನದೇ ಎಂದು ವೈದ್ಯರೇ ಲೆಕ್ಕ ಹಿಡಿಯುತ್ತಾರೆ. ಹತ್ತಿ ಬಿಡಿಸುವ ಹೆಣ್ಣುಮಗಳಿಗೆ ಅದು ಮುಕ್ಕಾಲು ಬದುಕು.

ಇಲ್ಲಿ 1975ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು ನೆರವಿಗೆ ಬರುತ್ತದೆ. ಒಡಿಶಾದ ಒಬ್ಬ ಬಡಗಿ 1968ರ ಜುಲೈಯಲ್ಲಿ ಸಿನಿಮಾ ಟಾಕೀಸೊಂದರಲ್ಲಿ ಕುಸುರಿ ಕೆಲಸ ಮಾಡುವಾಗ ಬಿದ್ದ. ಎಡಗೈ ಕತ್ತರಿಸಬೇಕಾಯಿತು. ಪಟ್ಟಿಯ ಪ್ರಕಾರ ಇದು ಶೇಕಡಾ 70ರ ಗಾಯವಷ್ಟೇ ಎಂದು ಮಾಲೀಕ ವಾದಿಸಿದ. ಒಂಟಿ ಕೈಯಲ್ಲಿ ಬಡಗಿತನ ಮಾಡಲಾಗದು, ಆದ್ದರಿಂದ ಅವನ ನಷ್ಟ ನೂರಕ್ಕೆ ನೂರು ಎಂದಿದ್ದರು ಅರ್ಜಿ ವಿಚಾರಿಸಿದ ಪರಿಹಾರ ಆಯುಕ್ತರು. ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. 9,800 ರೂಪಾಯಿ ಪರಿಹಾರ, ತಡ ಮಾಡಿದ್ದಕ್ಕೆ ಮೇಲೆ 4,900 ದಂಡ. ಪರಿಹಾರ ಕೊಡುವ ಹೊಣೆ ಅಪಘಾತವಾದ ದಿನವೇ ಹುಟ್ಟುತ್ತದೆ, ಕೋರ್ಟು ತೀರ್ಪು ಕೊಟ್ಟ ದಿನವಲ್ಲ ಎಂಬುದನ್ನೂ ಈ ತೀರ್ಪು ಸ್ಪಷ್ಟಗೊಳಿಸಿತು. ದೇಹ ಎಷ್ಟು ಹೋಯಿತು ಎಂಬುದರ ಜೊತೆಗೆ ಕಸುಬು ಎಷ್ಟು ಹೋಯಿತು ಎಂದು ಕೇಳುವ ದಾರಿಯನ್ನು ಅದು ತೆರೆಯಿತು. ಮಾನ್ವಿ, ದೇವದುರ್ಗದ ಅರ್ಜಿದಾರರು ತಾವು ಮಾಡುತ್ತಿದ್ದ ಕೆಲಸ ಯಾವುದು, ಆ ಕೆಲಸಕ್ಕೆ ಆ ಬೆರಳು ಹೇಗೆ ಬೇಕಿತ್ತು ಎಂಬುದನ್ನು ಸಾಕ್ಷಿಯಲ್ಲಿ ಬಿಡಿಸಿ ಹೇಳಬೇಕಾದದ್ದು ಇದಕ್ಕೇ. ‘ಕೂಲಿ’ ಎಂಬ ಒಂದೇ ಮಾತು ಬರೆಸಿದರೆ ಸಾಲದು.

ಇದಕ್ಕೆ ಸೇರಿದ ಇನ್ನೊಂದು ಸಂಗತಿ ಬಹಳ ಮಂದಿಗೆ ತಿಳಿಯದೆ ಉಳಿದಿದೆ. ಬೆರಳು ಇದೆ, ಆದರೆ ಮಡಚುವುದಿಲ್ಲ. ನರ ಕತ್ತರಿಸಿ ಸ್ಪರ್ಶವೇ ಇಲ್ಲ. ಬೆರಳು ಉಳಿದಿದೆಯಲ್ಲ ಎಂದು ಅರ್ಜಿಯನ್ನೇ ಹಾಕದೆ ಬಿಡುತ್ತಾರೆ. ಅವಯವದ ಉಪಯೋಗ ಪೂರ್ತಿಯಾಗಿ, ಕಾಯಂ ಆಗಿ ಹೋದರೆ ಆ ಅವಯವವೇ ಹೋದಂತೆ ಎಂದು ಪಟ್ಟಿಯ ಕೊನೆಯ ಟಿಪ್ಪಣಿ ಹೇಳುತ್ತದೆ. ಸೆಟೆದ ಹೆಬ್ಬೆರಳಿಗೂ 30 ಸಲ್ಲುತ್ತದೆ. ಪ್ರಮಾಣಪತ್ರ ಬರೆಯುವ ವೈದ್ಯರು ಬೆರಳು ಎಷ್ಟು ಮಡಚುತ್ತದೆ, ಹಿಡಿತ ಎಷ್ಟಿದೆ ಎಂದು ಅಳೆದು ಬರೆಯಬೇಕು.

ಬೆರಳನ್ನೇ ಉಳಿಸಿಕೊಳ್ಳುವ ದಾರಿಯೂ ಕೆಲವೊಮ್ಮೆ ಇರುತ್ತದೆ. ಮೇವಿನ ಮಷಿನ್ನಿನ ಅಲಗಿನಲ್ಲಿ ನೇರವಾಗಿ ತುಂಡಾದ ಬೆರಳನ್ನು ಮತ್ತೆ ಜೋಡಿಸಬಹುದು. ಡ್ರಮ್ಮಿನಲ್ಲಿ ಜಜ್ಜಿಹೋದದ್ದಕ್ಕೆ ಆ ಅವಕಾಶ ಕಡಿಮೆ. ತುಂಡನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಐಸ್ ನೀರಿನಲ್ಲಿ ಇಟ್ಟು ಒಯ್ಯಬೇಕು. ಬೆರಳಿಗೆ ಐಸ್ ನೇರವಾಗಿ ತಾಗಿದರೆ ಅದು ಕೆಡುತ್ತದೆ. ಅರಿಸಿನ, ಸುಣ್ಣ ಮೆತ್ತುವುದು ಬೇಡ.

ರಾಜಿಯ ವಿಷಯಕ್ಕೆ ಮತ್ತೆ ಬರಬೇಕು. ಇಪ್ಪತ್ತೋ ಮೂವತ್ತೋ ಸಾವಿರ ಕೈಗಿಟ್ಟು ‘ಇನ್ನೇನೂ ಕೇಳುವುದಿಲ್ಲ’ ಎಂದು ಬಾಂಡ್ ಪೇಪರಿನ ಮೇಲೆ ಸಹಿ ಹಾಕಿಸಿಕೊಳ್ಳುವ ರೂಢಿ ಎಷ್ಟೋ ಕಡೆ ಇದೆ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವ ಕರಾರೂ ಕಾನೂನಿನ ಮುಂದೆ ನಿಲ್ಲುವುದಿಲ್ಲ ಎಂದು 1923ರ ಕಾಯ್ದೆಯ 17ನೇ ಕಲಮು ಸ್ಪಷ್ಟವಾಗಿ ಬರೆದಿತ್ತು. ಗಾಯಗೊಂಡವಳು ಹೆಣ್ಣುಮಗಳಾದರೆ ರಕ್ಷಣೆ ಇನ್ನೂ ಗಟ್ಟಿ. ಆಕೆಗೆ ಸಲ್ಲುವ ಇಡುಗಂಟನ್ನು ಮಾಲೀಕ ಆಯುಕ್ತರ ಬಳಿ ಠೇವಣಿ ಇಡಬೇಕು, ಗಂಡನ ಕೈಗೋ ಮೇಸ್ತ್ರಿಯ ಕೈಗೋ ಕೊಟ್ಟರೆ ಅದು ಪರಿಹಾರ ಎನಿಸುವುದಿಲ್ಲ. ಗುತ್ತಿಗೆದಾರ ಕರೆತಂದ ಆಳು ಎಂಬ ನೆಪವೂ ನಡೆಯದು. ತನ್ನ ವ್ಯವಹಾರದ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮಾಲೀಕನೇ ಮೊದಲು ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ಹಂಗಾಮಿ ಆಳು ಎಂದು ಹೊರಗಿಡುತ್ತಿದ್ದ ಮಾತನ್ನು 2000ದ ತಿದ್ದುಪಡಿ ತೆಗೆದುಹಾಕಿತು. ಟ್ರ್ಯಾಕ್ಟರ್ ಅಥವಾ ವಿದ್ಯುತ್ತಿನ ಯಂತ್ರದಿಂದ ನಡೆಯುವ ಒಕ್ಕಲುತನದ ಕೆಲಸ ಕಾನೂನಿನ ಪಟ್ಟಿಯಲ್ಲೇ ಇದೆ. ಆಳಿನ ಅಜಾಗ್ರತೆ ಎಂಬುದೂ ಪರಿಹಾರ ತಪ್ಪಿಸಲು ಸಾಲದು. ಕುಡಿದಿದ್ದ, ಬೇಕೆಂತಲೇ ರಕ್ಷಣೆಯ ತಗಡು ಕಿತ್ತ ಎಂದು ಮಾಲೀಕ ಸಾಬೀತು ಮಾಡಿದರೆ ಮಾತು ಬೇರೆ.

ಹಟ್ಟಿ ಚಿನ್ನದ ಗಣಿಯಲ್ಲೋ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲೋ ಹಾಜರಿ ಪುಸ್ತಕವಿದೆ, ಕಾರ್ಮಿಕ ಸಂಘವಿದೆ. ಹೊಲದ ಆಳಿಗೆ ಅವು ಯಾವುವೂ ಇಲ್ಲ. ಆದ್ದರಿಂದ ಜೊತೆಗೆ ದುಡಿಯುತ್ತಿದ್ದ ಇಬ್ಬರ ಹೇಳಿಕೆ, ಟ್ರ್ಯಾಕ್ಟರಿನ ನಂಬರು, ಅದರ ವಿಮೆಯ ಕಾಗದದ ಮೊಬೈಲ್ ಫೋಟೊ, ಕೂಲಿ ಫೋನ್‌ಪೇಯಲ್ಲಿ ಬಂದಿದ್ದರೆ ಆ ಪಟ್ಟಿ, ಇಷ್ಟೇ ಅವನ ಹಾಜರಿ ಪುಸ್ತಕ. ಅಪಘಾತವಾದ ಎರಡು ವರ್ಷದೊಳಗೆ ಅರ್ಜಿ ಕೊಡಬೇಕು, ತಡವಾದರೆ ತಕ್ಕ ಕಾರಣ ತೋರಿಸಬೇಕು. ಒಂದು ತಿಂಗಳೊಳಗೆ ಹಣ ಕೊಡದ ಮಾಲೀಕ ವರ್ಷಕ್ಕೆ ಶೇಕಡಾ 12 ಬಡ್ಡಿ ಸೇರಿಸಿ ಕೊಡಬೇಕಾಗುತ್ತದೆ, ಸರಿಯಾದ ಕಾರಣವಿಲ್ಲದೆ ತಡಮಾಡಿದ್ದರೆ ಮೊತ್ತದ ಅರ್ಧದವರೆಗೆ ದಂಡವೂ ಬೀಳಬಹುದು. ಕರ್ನಾಟಕದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಪರಿಹಾರ ಆಯುಕ್ತರ ಕೆಲಸ ನೋಡುತ್ತಾರೆ, ಮೇಲ್ಮನವಿ ಹೈಕೋರ್ಟಿನ ಕಲಬುರಗಿ ಪೀಠಕ್ಕೆ. ವಕೀಲರ ಖರ್ಚಿಗೆ ಹೆದರಿ ಹಿಂದೆಗೆಯುವವರು ನ್ಯಾಯಾಲಯದ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಕೇಳಬಹುದು. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕೆಲಸಗಾರರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತವಾಗಿ ಸಿಗುತ್ತಾರೆ.