ವೈದ್ಯನಿಗೆ ರಾಜ್ಯದ ಅನುಜ್ಞೆ

ವೈದ್ಯವೃತ್ತಿಗೆ ಸರ್ಕಾರದ ಅನುಮತಿ ಬೇಕೆಂಬುದು ಪಶ್ಚಿಮದಿಂದ ಬಂದ ಹೊಸ ಕಟ್ಟಳೆಯೆಂದು ನಮ್ಮಲ್ಲಿ ಅನೇಕರ ಭಾವನೆ. ವಾಸ್ತವವಾಗಿ ಅದು ನಮ್ಮಲ್ಲಿಯೇ ಬಹಳ ಹಳೆಯದು. ವೈದ್ಯನು ಶಾಸ್ತ್ರವನ್ನೋದಿ, ಅದರ ಅರ್ಥವನ್ನು ಗ್ರಹಿಸಿ, ಚಿಕಿತ್ಸೆಯನ್ನು ಕಣ್ಣಾರೆ ಕಂಡು, ಕೈಯಾರೆ ಮಾಡಿ, ರಾಜನ ಅನುಜ್ಞೆಯನ್ನು ಪಡೆದ ತರುವಾಯವೇ ವೃತ್ತಿಗೆ ಇಳಿಯತಕ್ಕದ್ದೆಂದು ಸುಶ್ರುತಸಂಹಿತೆಯ ಸೂತ್ರಸ್ಥಾನದ 10ನೆಯ ಅಧ್ಯಾಯವು ವಿಧಿಸುತ್ತದೆ. ಕುವೈದ್ಯನು ಜನರನ್ನು ಕೊಲ್ಲುವುದು ರಾಜನ ದೋಷದಿಂದಲೆಂದು ಅದೇ ಸ್ಥಾನದ 3ನೆಯ ಅಧ್ಯಾಯವು ಹೇಳುತ್ತದೆ.

ಇಷ್ಟು ಬಿಗಿ ಏತಕ್ಕೆ? ಸೀರೆಯನ್ನು ಕೊಳ್ಳುವಾಗ ಸೆರಗನ್ನು ಬಿಚ್ಚಿ ನೋಡುತ್ತೇವೆ. ಎತ್ತನ್ನು ಕೊಳ್ಳುವಾಗ ಹಲ್ಲನ್ನು ಎಣಿಸುತ್ತೇವೆ. ಜ್ವರದಿಂದ ನರಳುವವನು ವೈದ್ಯನನ್ನು ಹಾಗೆ ಪರೀಕ್ಷಿಸಬಲ್ಲನೆ? ಅವನ ಪರವಾಗಿ ಮೊದಲೇ ಪರೀಕ್ಷಿಸಿಡುವ ಹೊಣೆಯನ್ನು ರಾಜ್ಯವು ಹೊರುತ್ತದೆ. ನೋಂದಣಿಯ ತಿರುಳು ಇದೇ.

ಈಗಿನ ಕ್ರಮವೂ ಸುಶ್ರುತನ ಜಾಡಿನಲ್ಲಿಯೇ ಇದೆ. ಎಂ.ಬಿ.ಬಿ.ಎಸ್. ವಿದ್ಯಾರ್ಥಿಯು 4½ ವರ್ಷ ಓದಿ ತೇರ್ಗಡೆಯಾಗಿ, ತಾತ್ಕಾಲಿಕ ನೋಂದಣಿಯೊಡನೆ 1 ವರ್ಷ ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ದುಡಿಯಬೇಕು. ಬಳಿಕವೇ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ಅವನ ಹೆಸರು ಖಾಯಂ ಆಗುವುದು. ಆಯುರ್ವೇದ, ಯುನಾನಿ, ಹೋಮಿಯೋಪತಿ ವೈದ್ಯರಿಗೆ ಬೇರೆ ಮಂಡಲಿಗಳುಂಟು. ನೋಂದಣಿಯಿಲ್ಲದೆ ಆಧುನಿಕ ವೈದ್ಯವನ್ನು ನಡೆಸಿದವನಿಗೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಶಾಸನದ ಮೇರೆಗೆ 1 ವರ್ಷದವರೆಗೆ ಸೆರೆಮನೆ, ಅಥವಾ 5 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಸಲ್ಲುತ್ತವೆ.

ನೋಂದಣಿಯು ವೈದ್ಯನ ಕೈಗುಣಕ್ಕೆ ಸಾಕ್ಷಿಯಲ್ಲ. ಕರುಣೆಗಂತೂ ಅಲ್ಲವೇ ಅಲ್ಲ. ತಪ್ಪು ನಡೆದರೆ ಉತ್ತರ ಕೊಡಬೇಕಾದ ಒಂದು ಪೀಠವು ಅವನಿಗೆ ಉಂಟೆಂಬುದಕ್ಕೆ ಅದು ಸಾಕ್ಷಿ. ಪಟ್ಟಿಯಲ್ಲಿ ಇರುವವನ ಹೆಸರನ್ನು ತೆಗೆದುಹಾಕಬಹುದು. ಇಲ್ಲದವನಿಂದ ಏನನ್ನು ತೆಗೆಯುವುದು? ಆದಕಾರಣವೇ 2002ರ ವೈದ್ಯಕೀಯ ನಡತೆಯ ನಿಯಮಗಳು, ವೈದ್ಯನು ತನ್ನ ನೋಂದಣಿಯ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿಯೂ ಔಷಧದ ಚೀಟಿಯಲ್ಲಿಯೂ ಕಾಣಿಸತಕ್ಕದ್ದೆಂದು ವಿಧಿಸಿವೆ. ಚೀಟಿಯನ್ನು ಅಂಗಡಿಯವನ ಕೈಗೆ ಕೊಡುವ ಮುನ್ನ ಆ ಸಂಖ್ಯೆಯನ್ನು ಎಷ್ಟು ಮಂದಿ ನೋಡುತ್ತೇವೆ? ಓದುಬಲ್ಲವರು ಓದದೆ ಬಿಟ್ಟರೆ, ಓದಬಾರದವರಿಗೆ ಅದು ಕಾವಲಾಗುವುದು ಹೇಗೆ?

ಇನ್ನೊಂದು ಮಾತನ್ನು ಹೇಳದಿದ್ದರೆ ನ್ಯಾಯವಾಗದು. ನೋಂದಾಯಿತ ವೈದ್ಯನಿಲ್ಲದ ಹಳ್ಳಿಯಲ್ಲಿ ನಡುರಾತ್ರಿ ಬಾಗಿಲು ತೆರೆಯುವವನು ಅನೇಕ ವೇಳೆ ನೋಂದಣಿಯಿಲ್ಲದವನೇ. ಅವನನ್ನು ದಂಡಿಸಿ ಸುಮ್ಮನಾದರೆ ರೋಗಿಗೆ ಯಾರೂ ಉಳಿಯರು. ಈ ಕೊರತೆಯನ್ನು ಕಂಡೇ ಕರ್ನಾಟಕದಲ್ಲಿ 2012ರ ಕಡ್ಡಾಯ ಸೇವೆಯ ಶಾಸನವು ಹುಟ್ಟಿತು. ಸುಶ್ರುತನು ಹೇಳಿದ ರಾಜದೋಷಕ್ಕೆ ಎರಡು ಮುಖಗಳು: ಅಯೋಗ್ಯನನ್ನು ಒಳಗೆ ಬಿಡುವುದು ಒಂದು, ಯೋಗ್ಯನನ್ನು ಬೇಕಾದ ಎಡೆಗೆ ಕಳುಹಿಸದಿರುವುದು ಮತ್ತೊಂದು. ಇಂದು ರಾಜನ ಸ್ಥಾನದಲ್ಲಿ ಪ್ರಜೆಗಳಾದ ನಾವೇ ಇದ್ದೇವೆ. ದೋಷವೂ ನಮ್ಮದೇ, ಅದನ್ನು ಕಳೆಯುವ ಹೊಣೆಯೂ ನಮ್ಮದೇ.