ಈ ರೋಡು ಯಾರಪ್ಪಂದು?

(ಕಾರ್ಮಿಕರ ಬಡಾವಣೆಯೊಂದರಲ್ಲಿ ನಡೆದ ಸಂಜೆ ಸಭೆಯಲ್ಲಿ ಆಡಿದ ಮಾತುಗಳು)



ನನಗೆ ಭಾಷಣ ಬರುವುದಿಲ್ಲ. ಬಿ.ಎ. ಮಾಡಿದ್ದೇನೆ, ನಾಲ್ಕು ಪದ್ಯ ಬರೆದಿದ್ದೇನೆ, ಕೆಲಸ ಇನ್ನೂ ಸಿಕ್ಕಿಲ್ಲ. ಆದರೂ ಈ ಹೊತ್ತು ಮಾತಾಡಲೇಬೇಕು ಅಂತ ಬಂದಿದ್ದೇನೆ. ಬರುವಾಗ ಜೇಬಿನಲ್ಲಿ ಒಂದು ಸಾಮಾನು ತಂದಿದ್ದೇನೆ. ನೋಡಿ, ಹಿರಿಯರಿಗೆ ಕಂಡಕೂಡಲೇ ಗೊತ್ತಾಗುತ್ತದೆ. ಸೈಕಲ್ ಬಿಲ್ಲೆ. ನಮ್ಮ ತಾತಂದು.

ಹಿಂದೆ ನಮ್ಮ ಊರುಗಳಲ್ಲಿ ಸೈಕಲ್ಲಿಗೂ ತೆರಿಗೆ ಇತ್ತು. ಕಟ್ಟಿದವನಿಗೆ ಪುರಸಭೆಯವರು ಇಂಥ ತಗಡಿನ ಬಿಲ್ಲೆ ಕೊಡೋರು. ಬಿಲ್ಲೆ ಇಲ್ಲದವನನ್ನು ಸಂತೆ ದಿನ ಹಿಡಿದು ದಂಡ ಹಾಕೋರು, ಚಕ್ರದ ಗಾಳಿ ಬಿಡೋರು. ನಮ್ಮ ತಾತ ಕೂಲಿ ಮಾಡಿದ ದುಡ್ಡಿನಲ್ಲಿ ಹಳೇ ಸೈಕಲ್ ಕೊಂಡ. ತಪ್ಪದೆ ತೆರಿಗೆ ಕಟ್ಟಿದ. ಬಿಲ್ಲೆ ತಗೊಂಡ. ಆದರೆ ಊರೊಳಗೆ ಮೇಲ್ಜಾತಿಯವರ ಬೀದಿ ಬಂದಕೂಡಲೇ ಇಳಿಯುತ್ತಿದ್ದ. ಚಪ್ಪಲಿ ಕಳಚಿ ಹ್ಯಾಂಡಲ್ಲಿಗೆ ಸಿಕ್ಕಿಸಿ, ತಲೆ ಬಗ್ಗಿಸಿ, ಸೈಕಲ್ ತಳ್ಳಿಕೊಂಡು ಆ ಬೀದಿ ದಾಟುತ್ತಿದ್ದ. ದಾಟಿದ ಮೇಲೆ ಹತ್ತುತ್ತಿದ್ದ. ತೆರಿಗೆ ಪೂರ್ತಿ, ಸವಾರಿ ಅರ್ಧ. ಈ ಬಿಲ್ಲೆಯ ಕತೆ ಇಷ್ಟೇ.

ಈಗ ನಮ್ಮಪ್ಪನ ಕತೆ ಕೇಳಿ. ಅಪ್ಪ ಗಾರೆ ಕೆಲಸದವನು. ಬೆಂಗಳೂರಿನ ಅಂಚಿನಿಂದ ದಿನಾ ಸೈಕಲ್ ತುಳಿದು ಕೆಲಸಕ್ಕೆ ಹೋಗುತ್ತಾನೆ. ಹೋದ ಮಳೆಗಾಲದಲ್ಲಿ ಒಂದು ಸಂಜೆ, ಕತ್ತಲಾಗುತ್ತಿದ್ದ ಹೊತ್ತಿನಲ್ಲಿ ಕಾರೊಂದು ಒರೆಸಿಕೊಂಡು ಹೋಯಿತು. ಅಪ್ಪ ಬಿದ್ದ. ಊಟದ ಡಬ್ಬಿ ಉರುಳಿತು. ಕಾರಿನವನು ಇಳಿದು ಬಂದ. ಪೆಟ್ಟಾಯಿತೇ ಅಂತ ಕೇಳಲಿಲ್ಲ. ಅವನು ಕೇಳಿದ ಮಾತು ಇದು: "ರೋಡ್ ಟ್ಯಾಕ್ಸ್ ಕಟ್ತೀಯೇನೋ ನೀನು? ಕಟ್ಟಲ್ಲ ಅಂದ್ಮೇಲೆ ರೋಡಿಗೆ ಯಾಕೆ ಬರ್ತೀಯ?"

ಅಪ್ಪ ಉತ್ತರ ಕೊಡಲಿಲ್ಲ. ಮನೆಗೆ ಬಂದು ಮಂಡಿಗೆ ಅರಿಸಿನ ಹಚ್ಚಿಕೊಳ್ಳುತ್ತಾ ನನ್ನನ್ನು ಕೇಳಿದ: "ನೀನು ಓದಿದೋನಲ್ವೇನೋ ಮಗ, ನಾವು ಟ್ಯಾಕ್ಸ್ ಕಟ್ಟಲ್ವಾ?"

ಈ ಸಂಜೆಯ ನನ್ನ ಮಾತು ಅಪ್ಪನಿಗೆ ಕೊಡುತ್ತಿರುವ ಉತ್ತರ.

ಕಟ್ಟುತ್ತೀಯಪ್ಪ, ಕಟ್ಟುತ್ತೀಯ. ಸೈಕಲ್ ಕೊಂಡ ದಿವಸವೇ ಕಟ್ಟಿದ್ದೀಯ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಸೈಕಲ್ಲಿನ ಮೇಲೆ ನೂರಕ್ಕೆ ಹನ್ನೆರಡು ಇತ್ತು. ಐದು ಸಾವಿರದ ಸೈಕಲ್ಲಿಗೆ ಆರುನೂರು ರೂಪಾಯಿ. 2025ರ ಸೆಪ್ಟೆಂಬರಿನಲ್ಲಿ ಅದು ನೂರಕ್ಕೆ ಐದಕ್ಕೆ ಇಳಿಯಿತು. ಇನ್ನು ನೀನು ಹಚ್ಚುವ ಸೋಪು, ಹಾಕುವ ಚಪ್ಪಲಿ, ಕಟ್ಟಡಕ್ಕೆ ಕಲಸುವ ಸಿಮೆಂಟು, ಎಲ್ಲದರಲ್ಲೂ ತೆರಿಗೆ ಇದೆ. ಸಾಹುಕಾರ ಒಂದು ಸೋಪಿಗೆ ಎಷ್ಟು ತೆರಿಗೆ ಕೊಡುತ್ತಾನೋ ಕೂಲಿಯವನೂ ಅಷ್ಟೇ ಕೊಡುತ್ತಾನೆ. ಮನೆ ಬಾಡಿಗೆಯಲ್ಲಿ ಮಾಲೀಕನ ಆಸ್ತಿ ತೆರಿಗೆಯೂ ಅಡಗಿ ಕೂತಿದೆ. ನಮ್ಮ ಓಣಿ, ವಾರ್ಡುಗಳ ರಸ್ತೆಗೆ ಹಣ ಬರುವುದು ಇಂಥ ಆಸ್ತಿ ತೆರಿಗೆಯಿಂದ, ಸರ್ಕಾರದ ಅನುದಾನದಿಂದ. ಅಂದಮೇಲೆ ಕಾರಿನವನು ಕೂತ ಕಾರಿನ ಕೆಳಗಿರುವ ಡಾಂಬರಿನಲ್ಲಿ ನಮ್ಮಪ್ಪನ ದುಡ್ಡೂ ಇದೆ, ಬೆವರೂ ಇದೆ.

ಕಾರಿನವರು ಹೇಳುತ್ತಾರೆ: ನಾವು ಲೈಫ್ ಟ್ಯಾಕ್ಸ್ ಕಟ್ಟಿದ್ದೀವಿ. ಸರಿ ಸ್ವಾಮಿ. ಕರ್ನಾಟಕದಲ್ಲಿ 1957ರ ಮೋಟಾರು ವಾಹನ ತೆರಿಗೆ ಕಾನೂನಿದೆ, ಅದರಂತೆ ಕಟ್ಟಿದ್ದೀರಿ. ಅದು ವಾಹನಕ್ಕೆ ಹಾಕಿದ ತೆರಿಗೆ. ರಸ್ತೆಯನ್ನು ನಿಮ್ಮ ಹೆಸರಿಗೆ ರಿಜಿಸ್ಟರ್ ಮಾಡಿಕೊಟ್ಟ ಕ್ರಯಪತ್ರವಲ್ಲ. ಈ ಜಗಳ ಹುಟ್ಟಿದ ಇಂಗ್ಲೆಂಡಿನಲ್ಲಿ ಏನಾಯಿತು ನೋಡಿ. ಅಲ್ಲಿ ವಾಹನದ ತೆರಿಗೆಯನ್ನು ರಸ್ತೆಗೆಂದೇ ಮೀಸಲಾಗಿಟ್ಟ ನಿಧಿಯೊಂದಿತ್ತು. ಹಣಕಾಸು ಮಂತ್ರಿಯಾಗಿದ್ದ ಚರ್ಚಿಲ್ 1926ರಲ್ಲಿ ಅದಕ್ಕೆ ಕೈ ಹಾಕಿದ. 1937ರಲ್ಲಿ ಆ ಮೀಸಲೇ ಮುಗಿಯಿತು. ಅಲ್ಲಿಂದೀಚೆಗೆ ಅಲ್ಲಿ ರಸ್ತೆಗಳು ಎಲ್ಲರ ತೆರಿಗೆಯಿಂದ ಆಗುತ್ತಿವೆ. ಆದರೂ ಕಾರಿನವರ ಬಾಯಲ್ಲಿ 'ರೋಡ್ ಟ್ಯಾಕ್ಸ್' ಅನ್ನುವ ಮಾತು ಇನ್ನೂ ಸತ್ತಿಲ್ಲ. ಹುಸಿ ಮಾತಿಗೆ ಆಯಸ್ಸು ಜಾಸ್ತಿ ಕಣ್ರೀ.

ರಸ್ತೆ ಸವೆಸಿದವನು ಕೊಡಲಿ ಅನ್ನುವವರೂ ಇದ್ದಾರೆ. ಒಪ್ಪಿಕೊಳ್ಳೋಣ, ಲೆಕ್ಕ ಹಾಕೋಣ. 1958ರಿಂದ 1960ರವರೆಗೆ ಅಮೆರಿಕಾದ ಇಲಿನಾಯ್ ರಾಜ್ಯದಲ್ಲಿ ಪರೀಕ್ಷೆಗೆಂದೇ ರಸ್ತೆ ಮಾಡಿ, ಎರಡು ವರ್ಷ ಲಾರಿ ಓಡಿಸಿ ನೋಡಿದರು. ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಸುಮಾರು ಹದಿನಾರರಷ್ಟು ಅಂತ ಕಂಡುಕೊಂಡರು. ಭಾರ ಹತ್ತರಷ್ಟಾದರೆ ಪೆಟ್ಟು ಹತ್ತು ಸಾವಿರದಷ್ಟು. ನಮ್ಮಪ್ಪ, ಅವನ ಸೈಕಲ್ಲು, ಕರಣೆ, ಡಬ್ಬಿ ಎಲ್ಲ ಸೇರಿ ನೂರು ಕೆ.ಜಿ. ಅನ್ನಿ. ಸಣ್ಣ ಕಾರು ಅಂದರೂ ಒಂದು ಟನ್ನು. ಹಾಗಾದರೆ ಸವೆತದ ಲೆಕ್ಕದಲ್ಲಿ ಕಾರಿನವನು ಹತ್ತು ಸಾವಿರ ಕಟ್ಟಿದ ದಿನ ನಮ್ಮಪ್ಪನ ಪಾಲು ಒಂದು ರೂಪಾಯಿ. ಆ ರೂಪಾಯಿ ನಾನೇ ಕೊಡುತ್ತೇನೆ, ರಸೀದಿ ಕೊಡಲಿ. ವಸೂಲಿ ಮಾಡಲು ಬಂದವನ ಕಾಫಿ ಖರ್ಚಿಗೂ ಅದು ಸಾಲುವುದಿಲ್ಲ.

ಸೈಕಲ್ಲಿಗೆ ತೆರಿಗೆ ಹಾಕಲು ಕಾನೂನಿನ ಅಡ್ಡಿ ಇಲ್ಲ, ಇದನ್ನು ಮುಚ್ಚಿಡಬಾರದು. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 57ನೇ ನಮೂದು ಇದೆ. ಯಂತ್ರದಿಂದ ಓಡಲಿ, ಓಡದಿರಲಿ, ರಸ್ತೆಗೆ ಬರುವ ವಾಹನಕ್ಕೆ ರಾಜ್ಯ ತೆರಿಗೆ ಹಾಕಬಹುದು. ಹಾಕಬಹುದು ಅನ್ನುವುದು ಬೇರೆ, ಹಾಕಬೇಕು ಅನ್ನುವುದು ಬೇರೆ. ಅದೇ ಸಂವಿಧಾನದ 15ನೇ ವಿಧಿಯ ಎರಡನೇ ಭಾಗವನ್ನೂ ಓದಿ. ಸರ್ಕಾರದ ಹಣದಿಂದ ನಡೆಯುವ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಬಳಸಲು ಧರ್ಮ, ಜಾತಿ, ಲಿಂಗ, ಹುಟ್ಟಿದ ಜಾಗದ ಕಾರಣಕ್ಕೆ ಯಾರನ್ನೂ ತಡೆಯಬಾರದು ಅಂತ ಅದು ಹೇಳುತ್ತದೆ. ರಸ್ತೆ ಅನ್ನುವ ಪದ ಅಲ್ಲಿಗೆ ಸುಮ್ಮನೆ ಬರಲಿಲ್ಲ ಗೆಳೆಯರೇ. ಅದರ ಹಿಂದೆ ನಮ್ಮವರ ಪಾದಗಳಿವೆ.

1893ರಲ್ಲಿ ತಿರುವಾಂಕೂರಿನ ವೆಂಗಾನೂರಿನಲ್ಲಿ ಅಯ್ಯನ್‌ಕಾಳಿ ಎತ್ತಿನ ಬಂಡಿ ಕಟ್ಟಿ, ನಮ್ಮವರು ಕಾಲಿಡಬಾರದಾಗಿದ್ದ ರಸ್ತೆಯಲ್ಲಿ ಹೊಡೆದುಕೊಂಡು ಹೋದರು. 1924ರ ಮಾರ್ಚಿಯಲ್ಲಿ ವೈಕಂನಲ್ಲಿ ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ನಡೆಯುವುದಕ್ಕಾಗಿ ಸತ್ಯಾಗ್ರಹ ಶುರುವಾಯಿತು. ಬರೀ ನಡೆಯುವುದಕ್ಕೆ! ಆರುನೂರು ದಿನ ಕಳೆದ ಮೇಲೆ, 1925ರ ನವೆಂಬರಿನಲ್ಲಿ ಅದು ಮುಗಿದಾಗ ಮೂರು ದಿಕ್ಕಿನ ರಸ್ತೆ ತೆರೆದವು, ಒಂದು ಮುಚ್ಚಿಯೇ ಉಳಿಯಿತು. 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಯ ನೀರು ಮುಟ್ಟಿದರು. ಎಲ್ಲರದೂ ಆದದ್ದು ನಮ್ಮದೂ ಹೌದು ಅನ್ನುವ ಮಾತನ್ನು ಅವರು ನೀರಿನಲ್ಲಿ ಹೇಳಿದರು, ಅಯ್ಯನ್‌ಕಾಳಿ ಬಂಡಿಯಲ್ಲಿ ಹೇಳಿದ್ದರು. ನಾವು ಈಗ ಸೈಕಲ್ಲಿನಲ್ಲಿ ಹೇಳುತ್ತಿದ್ದೇವೆ.

ಅದೆಲ್ಲ ಹಳೇ ಕಾಲ ಅನ್ನಬೇಡಿ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾನೂನು 1989ರದು. 2015ರಲ್ಲಿ ಅದಕ್ಕೆ ತಿದ್ದುಪಡಿ ಮಾಡಿದಾಗ ಒಂದು ಸಾಲು ಸೇರಿಸಿದರು. ನಮ್ಮವರು ಸಾರ್ವಜನಿಕ ಜಾಗದಲ್ಲಿ ಸೈಕಲ್ ಅಥವಾ ಮೋಟಾರ್ ಸೈಕಲ್ ಹತ್ತುವುದನ್ನು, ಚಪ್ಪಲಿ, ಹೊಸ ಬಟ್ಟೆ ಹಾಕುವುದನ್ನು ತಡೆದರೆ ಅಪರಾಧ ಅಂತ. ಇಪ್ಪತ್ತೊಂದನೇ ಶತಮಾನದಲ್ಲಿ ಸೈಕಲ್ ಹತ್ತಲು ಪಾರ್ಲಿಮೆಂಟು ಕಾನೂನು ಮಾಡಬೇಕಾಯಿತು. ನಮ್ಮ ತಾತ ಕಳಚಿದ ಚಪ್ಪಲಿ, ತಳ್ಳಿದ ಸೈಕಲ್ಲು ಎರಡೂ ಆ ಒಂದೇ ಸಾಲಿನಲ್ಲಿವೆ.

ಈಗ ಸೈಕಲ್ ಪಥದ ಮಾತು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ವಾಹನ ಸಾಗಿಸುವುದಕ್ಕಿಂತ ಜನರನ್ನು ಸಾಗಿಸುವುದು ಮುಖ್ಯ ಅಂದಿತು. ಒಳ್ಳೇ ಮಾತು. ಬೆಂಗಳೂರಿನ ಜಯನಗರದಲ್ಲಿ ಸೈಕಲ್ ಪಥ ಮಾಡಿದರು. ಅದು ಕಾರು, ಬೈಕು ನಿಲ್ಲಿಸುವ ಜಾಗವಾಯಿತು. 2020ರಲ್ಲಿ ಔಟರ್ ರಿಂಗ್ ರೋಡಿನಲ್ಲಿ ಗೂಟ ನೆಟ್ಟು ಪಥ ಮಾಡಿದರು. ಕೆಲವೇ ವರ್ಷದಲ್ಲಿ ಗೂಟ ಹೋದವು, ಪಥವೂ ಹೋಯಿತು. ಕಲ್ಕತ್ತೆಯಲ್ಲಂತೂ 2013ರಲ್ಲಿ 174 ರಸ್ತೆಗಳಲ್ಲಿ ಸೈಕಲ್ಲನ್ನೇ ನಿಷೇಧಿಸಿದರು. ಹಾಲಿನವನು, ಪೇಪರಿನವನು, ಬಡಗಿ ದಂಡ ಕಟ್ಟಬೇಕಾಯಿತು.

ಸೈಕಲ್ ತುಳಿಯುವವರು ಯಾರೂ ಇಲ್ಲ, ಪಥ ಯಾಕೆ ಅನ್ನುತ್ತಾರೆ. 2011ರ ಜನಗಣತಿ ನೋಡಿ. ದೇಶದ ನೂರು ಮನೆಗಳಲ್ಲಿ ಸುಮಾರು 45 ಮನೆಯಲ್ಲಿ ಸೈಕಲ್ ಇತ್ತು, ಕಾರು ಇದ್ದದ್ದು ಐದು ಮನೆಯಲ್ಲೂ ಇಲ್ಲ. ಬೇಸಾಯ, ಗೃಹ ಕೈಗಾರಿಕೆ ಬಿಟ್ಟು ಬೇರೆ ಕೆಲಸಕ್ಕೆ ಹೋಗುವವರಲ್ಲಿ ನೂರಕ್ಕೆ ಹದಿಮೂರು ಜನ ಸೈಕಲ್ಲಿನಲ್ಲಿ, ಇಪ್ಪತ್ತೆರಡಕ್ಕೂ ಮೇಲ್ಪಟ್ಟು ಜನ ನಡೆದು ಹೋಗುತ್ತಿದ್ದರು. ಇವರು ಕಣ್ಣಿಗೆ ಬೀಳುವುದಿಲ್ಲ. ಕಟ್ಟಡ ಏಳುವ ಮುಂಚೆ ಬರುತ್ತಾರೆ, ಊರು ಏಳುವ ಮುಂಚೆ ಕಸ ಗುಡಿಸಲು ಹೋಗುತ್ತಾರೆ, ರಾತ್ರಿ ಪಾಳಿ ಮುಗಿಸಿ ಮರಳುತ್ತಾರೆ. ಹೆಲ್ಮೆಟ್ಟು, ಬಣ್ಣದ ಅಂಗಿ ತೊಟ್ಟು ಭಾನುವಾರ ತುಳಿಯುವವರ ಫೋಟೋ ಪೇಪರಿನಲ್ಲಿ ಬರುತ್ತದೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ನಮ್ಮ ಜತೆ ಬರಲಿ. ಆದರೆ ಪಥ ಎಲ್ಲಿ ಬೇಕು ಅಂತ ಕೇಳುವಾಗ ಸೋಮವಾರ ತುಳಿಯುವವನನ್ನು ಮೊದಲು ಕೇಳಿ.

ನಮ್ಮಲ್ಲೇ ಕೆಲವು ಗೆಳೆಯರು ಹೇಳುತ್ತಾರೆ: ಸೈಕಲ್ಲು ಬಡತನದ ಗುರುತು, ನಮ್ಮ ಹುಡುಗರು ಬೈಕು, ಕಾರು ಹತ್ತಬೇಕು. ನಿಜ, ಹತ್ತಲಿ! ಬಾಬಾಸಾಹೇಬರು ಕೋಟು ತೊಟ್ಟ ಹಾಗೆ ನಮ್ಮವರು ಕಾರು ಹತ್ತಲಿ. ನಾನು ಸೈಕಲ್ಲನ್ನು ಪೂಜೆ ಮಾಡಲು ಬಂದಿಲ್ಲ. ಆದರೆ ಕಾರು ಹತ್ತಿದ ನಮ್ಮ ಹುಡುಗ, ಸೈಕಲ್ಲಿನವನಿಗೆ "ಟ್ಯಾಕ್ಸ್ ಕಟ್ತೀಯೇನೋ" ಅಂದರೆ ಅವತ್ತು ನಾವು ಸೋತ ಹಾಗೆ. ಮೇಲ್ಗೇರಿಯ ಬುದ್ಧಿ ಗಾಜು ಏರಿಸಿಕೊಂಡು ಕಾರಿನಲ್ಲಿ ಕೂತ ಹಾಗೆ.

ಇನ್ನೊಂದು ಮಾತು ಹೆಣ್ಣುಮಕ್ಕಳದು. 1990ರ ದಶಕದ ಮೊದಲಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ ಸಾಕ್ಷರತಾ ಆಂದೋಲನದ ಜತೆಗೆ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು. ಅವರಲ್ಲಿ ಕೂಲಿಯವರೇ ಬಹಳ. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಟ್ಟರು. ನನ್ನ ಅಕ್ಕ ಆ ಸೈಕಲ್ಲಿನಲ್ಲೇ ಹೈಸ್ಕೂಲು ಮುಗಿಸಿದಳು. ಕೋವಿಡ್ ಬಂದಾಗ ಅದು ನಿಂತಿತು.

ಆದ್ದರಿಂದ ನಾವು ಕೇಳಬೇಕಾದದ್ದು ಇಷ್ಟು. ಸೈಕಲ್ಲಿಗೆ ಯಾವ ಹೊಸ ತೆರಿಗೆಯೂ ಬೇಡ. ಪಥವನ್ನು ಮೊದಲು ಕಾರ್ಖಾನೆಗಳ ದಾರಿಯಲ್ಲಿ, ನಮ್ಮ ಕಾಲೊನಿಗಳ ದಾರಿಯಲ್ಲಿ ಮಾಡಿ. ಬಣ್ಣ ಬಳಿದರೆ ಸಾಲದು, ಕಾರು ಹತ್ತದ ಹಾಗೆ ಕಟ್ಟೆ ಕಟ್ಟಿ, ದೀಪ ಹಾಕಿ. ಪಥದಲ್ಲಿ ಗಾಡಿ ನಿಲ್ಲಿಸಿದವನಿಂದ ದಂಡ ವಸೂಲಿ ಮಾಡಿ. ಕೇಳಲು ಹೋಗುವಾಗ ಸೈಕಲ್ಲಿನಲ್ಲೇ ಹೋಗೋಣ, ಸಾಲಾಗಿ, ರಸ್ತೆಯ ನಡುವೆ.

ಅಪ್ಪ ಈ ಸಭೆಗೆ ಬಂದಿದ್ದಾನೆ, ಹಿಂದೆ ಗೋಡೆಗೆ ಒರಗಿ ನಿಂತಿದ್ದಾನೆ. ಅಪ್ಪ, ನೀನು ಕೇಳಿದ್ದಕ್ಕೆ ಉತ್ತರ ಇದು. ನೀನು ಟ್ಯಾಕ್ಸ್ ಕಟ್ಟುತ್ತೀಯ. ಒಂದು ಪೈಸೆ ಕಟ್ಟದಿದ್ದರೂ ರೋಡು ನಿನ್ನದೇ. ಯಾಕಂದರೆ ತಾತ ಕಟ್ಟಿದ್ದ, ಆದರೂ ಅವನನ್ನು ಇಳಿಸಿದರು. ಈ ಬಿಲ್ಲೆ ಕೊಡಲಾರದ್ದನ್ನು ಸಂವಿಧಾನ ಕೊಟ್ಟಿದೆ. ನಾಳೆ ಬೆಳಿಗ್ಗೆ ಹತ್ತು. ಯಾವ ಬೀದಿ ಬಂದರೂ ಇಳಿಯಬೇಡ.

ಜೈ ಭೀಮ್.